ಹೆಸರು ಹಿಡಿದು ಬರೆಯುವ ಕಸುಬು

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮುಧೋಳ ಸೀಮೆಯ ನಮ್ಮ ಊರಿಗೆ ನುಗ್ಗಿದ ಮೂರನೆಯ ದಿನ ನಾನೊಂದು ಕವಿತೆ ಬರೆದೆ. ಪರಿಹಾರ ಕೇಂದ್ರವಾಗಿದ್ದ ಶಾಲೆಯ ಜಗಲಿಯಲ್ಲಿ ಕುಳಿತು ಮೊಬೈಲ್‌ನಲ್ಲಿಯೇ ಬರೆದು, ಬೆಳಗಾಗುವುದರೊಳಗೆ ಹತ್ತಾರು ಜನರಿಗೆ ಕಳುಹಿಸಿದ್ದೆ. ಮುಂದೆ ಅದು ಒಂದು ಸ್ಮರಣ ಸಂಚಿಕೆಯಲ್ಲಿ ಅಚ್ಚಾಯಿತು, ಒಂದೆರಡು ಕವಿಗೋಷ್ಠಿಗಳಲ್ಲಿ ಚಪ್ಪಾಳೆಯನ್ನೂ ಪಡೆಯಿತು. ಹೋದ ತಿಂಗಳು ಹಳೆಯ ಕಾಗದಗಳ ನಡುವೆ ಮತ್ತೆ ಕೈಗೆ ಸಿಕ್ಕಿತು. ಓದಿದೆ. ಅದರಲ್ಲಿ ಪ್ರಳಯವಿದೆ, ಗಂಗೆಯ ಮುನಿಸಿದೆ, ಕಣ್ಣೀರಿನ ಕಡಲಿದೆ. ನಮ್ಮ ಊರು ಮಾತ್ರ ಇಲ್ಲ. ಘಟಪ್ರಭೆ ಎಂಬ ಒಂದು ಪದ ತೆಗೆದು ಕಾವೇರಿ ಎಂದು ಹಾಕಿದರೆ ಆ ಕವಿತೆ ಕೊಡಗಿನದಾಗುತ್ತದೆ.

ಆ ದಿನಗಳಲ್ಲಿ ನಾನು ಕಣ್ಣಾರೆ ಕಂಡದ್ದು ಬೇರೆಯೇ. ನೆಲದೊಳಗೆ ಕಾಳು ತುಂಬಿಡುವ ಹಗೇವಿಗೆ ನೀರಿಳಿದು ಜೋಳ ಉಬ್ಬಿ ಹುಳಿತುಹೋಗಿತ್ತು. ನೀರು ಇಳಿದ ಮೇಲೆ ಅವ್ವ ಅದನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿ, ಏನೂ ಹೇಳದೆ ಕೆಳಗೆ ಬಿಟ್ಟಳು. ರೇಷನ್ ಕಾರ್ಡ್, ತಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸೊಸೈಟಿಯ ಪಾಸ್‌ಬುಕ್ ಇವೆಲ್ಲ ಶಾಲೆಯ ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಒದ್ದೆ ಸೀರೆಗಳ ಪಕ್ಕದಲ್ಲಿ ಒಣಗುತ್ತಿದ್ದವು. ಕವಿತೆ ಬರೆಯುವಾಗ ಆ ಹಗ್ಗ ನನ್ನ ತಲೆಯ ಮೇಲೆಯೇ ಇತ್ತು. ಆದರೂ ಕವಿತೆಯೊಳಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬ ಪ್ರಶ್ನೆಯೇ ಈ ಲೇಖನ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಹೊಸದಾಗಿ ಬರೆಯುತ್ತಿರುವವರ ಜೊತೆ ಕುಳಿತಾಗಲೆಲ್ಲ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಒಂದು ವರ್ಷ ನೆರೆ, ಮರುವರ್ಷ ಬರ. ಮುಳುಗಡೆಯ ಸುದ್ದಿ. ಹೋದ ವರ್ಷ ಇದ್ದ ಕೆಲಸ ಈ ವರ್ಷ ಉಳಿಯುವ ಖಾತ್ರಿ ಇಲ್ಲ. ಒಂದು ಸಾಲು ಬರೆದರೆ ಯಾರು ಹೇಗೆ ಎದ್ದುಬರುತ್ತಾರೋ ಎಂಬ ದಿಗಿಲು. ಇವೆಲ್ಲದರ ಮೇಲೆ, ಕೇಳಿದ ಕೂಡಲೇ ಕನ್ನಡದಲ್ಲಿ ಕವಿತೆ ಹೊಸೆದು ಕೊಡುವ ಯಂತ್ರ. ಇಂಥ ಕಾಲದಲ್ಲಿ ಬರೆಯಲು ಆಗುತ್ತಿಲ್ಲ ಎಂದು ಅನೇಕರು ಕೊರಗುತ್ತಾರೆ. ಆದರೆ ಸುತ್ತ ನೋಡಿದರೆ ಬರಹವೇನೂ ನಿಂತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಷ್ಟು ಕವಿತೆಗಳು ಬಂದವು ಎಂಬುದು ಎಲ್ಲರಿಗೂ ಗೊತ್ತಿದೆ. ಬರಹ ನಿಲ್ಲುವುದಿಲ್ಲ, ಅದರೊಳಗಿನ ಹೆಸರುಗಳು ಉದುರಿಹೋಗುತ್ತವೆ. ಜೋಳ 'ಅನ್ನ'ವಾಗುತ್ತದೆ, ಹಗೇವು 'ಬದುಕು' ಆಗುತ್ತದೆ, ಘಟಪ್ರಭೆ 'ಪ್ರಕೃತಿ'ಯಾಗುತ್ತಾಳೆ. ಹೀಗೆ ಬಿಡಿಯಾದದ್ದು ಹೋಗಿ ಬರೀ ಇಡಿಯಾದದ್ದು ಉಳಿಯುವುದೇ ಅನಿಶ್ಚಿತ ಕಾಲ ಬರಹಕ್ಕೆ ಮಾಡುವ ದೊಡ್ಡ ಹಾನಿ ಎಂದು ನಾನು ತಿಳಿದಿದ್ದೇನೆ.

ಇದರ ಹಿಂದೆ ಹೊಟ್ಟೆಪಾಡಿನ ಲೆಕ್ಕವೂ ಇದೆ. ನಮ್ಮ ಭಾಗದಲ್ಲಿ ಈಗ ಬರೆಯುತ್ತಿರುವ ಯುವಕ ಯುವತಿಯರಲ್ಲಿ ಅನೇಕರು ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು. ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಎಲ್ಲಿ ಸಿಕ್ಕಿತೋ ಅಲ್ಲಿಗೆ ಬಸ್ಸು. ಇವರ ಮೊದಲ ಪುಸ್ತಕ ಬರುವುದು ಬಹುಪಾಲು ಸ್ವಂತ ದುಡ್ಡಿನಲ್ಲಿ. ಪ್ರಕಾಶಕರ ಕಣ್ಣು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ ಇರುತ್ತದೆ. ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಇಲಾಖೆ ಕೊಳ್ಳುವ ವ್ಯವಸ್ಥೆ ಅದು. ಗ್ರಂಥಾಲಯಗಳಿಗೆಂದೇ ಊರಿನ ಜನ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಖರೀದಿ ಮಾತ್ರ ವರ್ಷಗಟ್ಟಲೆ ಹಿಂದೆ ಬಿದ್ದಿರುತ್ತದೆ. ಇದನ್ನು ನೆನೆದಾಗಲೆಲ್ಲ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಕಾಲ ಕಣ್ಣೆದುರು ಬರುತ್ತದೆ. 993ರಲ್ಲಿ ಅವನಿಂದ ಅಜಿತಪುರಾಣ ಬರೆಯಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು. ತಾಳೆಗರಿಯ ಕಾಲದಲ್ಲಿ, ಒಂದೊಂದನ್ನೂ ಕೈಯಲ್ಲಿ ಬರೆಯಿಸಿ, ಸಾವಿರ! ಅಚ್ಚು ಯಂತ್ರವಿರುವ ಕಾಲದಲ್ಲಿ ನಾವು ಮುನ್ನೂರಕ್ಕೆ ಕಾಯುತ್ತಿದ್ದೇವೆ.

ಹಣದ ತೊಂದರೆ ಬರಹದ ಕಸುಬಿನೊಳಕ್ಕೂ ಇಳಿಯುತ್ತದೆ. ಮುಂದಿನ ವರ್ಷ ಯಾವ ಊರಿನಲ್ಲಿ ಇರುತ್ತೇನೆಂದು ಗೊತ್ತಿಲ್ಲದವರು ಎರಡು ವರ್ಷ ಹಿಡಿಯುವ ಕಾದಂಬರಿಗೆ ಕೈ ಹಾಕುವುದಿಲ್ಲ. ಸ್ಪರ್ಧೆಯ ಗಡುವಿಗೆ, ದೀಪಾವಳಿ ವಿಶೇಷಾಂಕದ ಗಡುವಿಗೆ, ಕವಿಗೋಷ್ಠಿಯ ಆಹ್ವಾನಕ್ಕೆ ಬರೆಯುತ್ತಾರೆ. ಗಡುವಿಗೆ ಬರೆಯುವಾಗ ಮೊದಲು ಕೈಗೆ ಸಿಗುವುದು ಎಲ್ಲರೂ ಬಳಸಿ ಬಿಟ್ಟ ಪದವೇ.

ಅಂಜಿಕೆಯ ಕೆಲಸ ಇನ್ನೂ ಸೂಕ್ಷ್ಮ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಗುಂಡೇಟಿಗೆ ಬಲಿಯಾದ ಎಂ.ಎಂ. ಕಲಬುರ್ಗಿಯವರು ನಮ್ಮ ಸಿಂದಗಿ ಸೀಮೆಯವರು. ಅವರ ವಿದ್ವತ್ತಿನ ಬುನಾದಿಯೇ ಶಾಸನ. ಅಂದರೆ ಇಂಥ ಊರು, ಇಂಥ ವರ್ಷ, ಇಂಥವರ ಮಗ ಇಂಥವರು ಎಂದು ಹೆಸರು ಹಿಡಿದು ಹೇಳುವ ವಿದ್ಯೆ. ಅವರನ್ನು ಕೊಂದ ಮೇಲೆ ನಮ್ಮ ಕಡೆಯ ಬರಹಗಾರರು ಬಾಯಿ ಮುಚ್ಚಿದರು ಎಂದರೆ ಸುಳ್ಳಾಗುತ್ತದೆ. ಅನೇಕರು ಬೀದಿಗೆ ಬಂದರು, ಪ್ರಶಸ್ತಿ ಹಿಂದಿರುಗಿಸಿದರು, ಬರೆದರು. ಆದರೆ ಕತೆಗಳ ಹಸ್ತಪ್ರತಿಗಳನ್ನು ಓದುತ್ತ ಬಂದ ನನಗೆ ಒಂದು ಬದಲಾವಣೆ ಕಾಣುತ್ತಿದೆ. ಮೊದಲ ಕರಡಿನಲ್ಲಿ ಊರಿಗೆ ಹೆಸರಿರುತ್ತದೆ, ಮಠಕ್ಕೆ ಹೆಸರಿರುತ್ತದೆ, ಪಾತ್ರದ ಜಾತಿ ಅದರ ಊಟದಲ್ಲಿ, ಮಾತಿನಲ್ಲಿ ತಿಳಿಯುತ್ತಿರುತ್ತದೆ. ಮೂರನೆಯ ಕರಡಿಗೆ ಬರುವಷ್ಟರಲ್ಲಿ ಅದು 'ಒಂದು ಊರು', 'ಒಬ್ಬ ಹಿರಿಯರು' ಆಗಿರುತ್ತದೆ. ಯಾರೂ ಬೆದರಿಸಿರುವುದಿಲ್ಲ. ಬರೆದವರೇ ಮುಂಚಿತವಾಗಿ ಅಳಿಸಿರುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ನಿಜವಾದ ಊರಿನ ಹೆಸರು ಇರಲೇಬೇಕೆಂಬ ಹಟ ನನ್ನದಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಿಂದ ಬಂದ ಚಂದ್ರಶೇಖರ ಕಂಬಾರರು ಶಿವಾಪುರ ಎಂಬ ಊರನ್ನು ಕಟ್ಟಿದರು. ಆ ಊರಿಗೆ ತನ್ನದೇ ದೇವರು, ತನ್ನದೇ ಗೌಡ, ತನ್ನದೇ ಮಳೆಗಾಲ, ತನ್ನದೇ ಬೈಗುಳ ಇವೆ. ಹೊಸ ಹೆಸರು ಕೊಡುವುದು ಕಟ್ಟುವ ಕೆಲಸ, ಇದ್ದ ಹೆಸರನ್ನು ಒರೆಸಿ ಖಾಲಿ ಬಿಡುವುದು ಅಡಗುವ ಕೆಲಸ. ಅಡಗಬೇಕಾಗಿ ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಕಾಲ ಹಾಗಿದೆ. ಆದರೆ ಅಡಗಿದ ಜಾಗವನ್ನೇ ಶೈಲಿ ಎಂದು ಹೊಗಳುವ ವಿಮರ್ಶೆ ಬಂದಾಗ ಸಂಕಟವಾಗುತ್ತದೆ.

ಯಂತ್ರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೆರೆಯ ಬಗ್ಗೆ ಕವಿತೆ ಕೊಡು ಎಂದು ಅದನ್ನು ಕೇಳಿ ನೋಡಿದ್ದೇನೆ. ಕ್ಷಣದಲ್ಲಿ ಪ್ರಳಯ, ಮುನಿಸು, ಕಣ್ಣೀರು ಎಲ್ಲವೂ ಬಂದವು. ಅದು ನನ್ನ 2019ರ ಕವಿತೆಗೆ ಬಹಳ ಹತ್ತಿರವಿತ್ತು. ಆ ದಿನ ನನ್ನ ಎದೆ ಕುಸಿಯಿತು. ನಾನು ಬರೆದದ್ದು ನೆರೆಯನ್ನು ನೋಡದೆಯೇ ಯಾರು ಬೇಕಾದರೂ ಬರೆಯಬಹುದಾದ ಕವಿತೆಯಾಗಿತ್ತು ಎಂಬುದು ಅದರಿಂದ ತಿಳಿಯಿತು.

ಹಾಗಾದರೆ ಹಿಂದಿನವರು ಏನು ಮಾಡಿದರು? ಈ ಮೂರು ಜಿಲ್ಲೆಗಳು ನಿಶ್ಚಿಂತೆಯ ಕಾಲವನ್ನು ಕಂಡದ್ದೇ ಕಡಿಮೆ. ನನಗೆ ಹೆಚ್ಚು ಕಲಿಸಿದ್ದು ಹಲಗಲಿಯ ಲಾವಣಿ. 1857ರಲ್ಲಿ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರನ್ನು ಸೂರೆ ಮಾಡಿತು, ಬೆಂಕಿ ಇಟ್ಟಿತು. ಕುರ್ತಕೋಟಿ ಕಲ್ಮೇಶನ ಅಂಕಿತದ ಲಾವಣಿ ಇದನ್ನೆಲ್ಲ ಹಾಡುತ್ತದೆ. ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಇಂಗ್ಲಿಷ್ ಸಂಶೋಧನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್. ಅವರೂ ಅದೇ ಬ್ರಿಟಿಷ್ ಆಡಳಿತದ ಅಧಿಕಾರಿ. ಈಗ ಆ ಹಾಡು ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿದೆ, ಆದ್ದರಿಂದ ಎಲ್ಲರೂ ಒಮ್ಮೆಯಾದರೂ ಓದಿದ್ದೇವೆ. ಓದಿಯೂ ಅದರ ಕಸುಬನ್ನು ನೋಡಿಲ್ಲ.

ಊರು ಸೂರೆಯಾದ ಭಾಗಕ್ಕೆ ಬಂದಾಗ ಲಾವಣಿಕಾರ ಗೋಳಾಡುವುದಿಲ್ಲ. ಏನೇನು ಹೋಯಿತು ಎಂದು ಎಣಿಸುತ್ತಾನೆ. ಕೊಡಲಿ, ಕುಡ, ಕಬ್ಬಿಣ. ಮೊಸರು, ಬೆಣ್ಣೆ, ಹಾಲು. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ. ಗಂಗಾಳ, ಚರಿಗೆ, ಮಂಗಳಸೂತ್ರ. ಕೊನೆಗೆ ಬೀಸುಕಲ್ಲು. ಈ ಪಟ್ಟಿಯ ಏರಿಕೆಯನ್ನು ಗಮನಿಸಬೇಕು. ನೇಗಿಲಿನ ಕುಡ ಹೋದರೆ ಹೊಲ ಹೋಯಿತು. ಜೀರಿಗೆ ಹೋಯಿತೆಂದರೆ ಕೈ ಹಾಕಿದವರು ಅಡುಗೆಮನೆಯ ಗಡಿಗೆಯ ತಳದವರೆಗೂ ಬಂದರು. ಮಂಗಳಸೂತ್ರಕ್ಕೆ ಬಂದಾಗ ಕೈ ಹೆಂಗಸಿನ ಕೊರಳಿನ ಮೇಲಿದೆ. ಎತ್ತಲು ಇಬ್ಬರು ಬೇಕಾದ ಬೀಸುಕಲ್ಲನ್ನೂ ಬಿಡಲಿಲ್ಲ ಎಂದಾಗ ಇದು ಹಸಿದ ದಂಡಿನ ಕೆಲಸವಲ್ಲ, ಊರನ್ನು ಮತ್ತೆ ಏಳದಂತೆ ಮಾಡುವ ಕೆಲಸ ಎಂಬುದು ಕೇಳುವವರಿಗೆ ತಾನಾಗಿ ತಿಳಿಯುತ್ತದೆ. ಕ್ರೌರ್ಯ ಎಂಬ ಪದವನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಈ ಪಟ್ಟಿ ಕಟ್ಟಲು ಹೆಚ್ಚಿನ ಧೈರ್ಯ ಬೇಕಿತ್ತು ಎಂದೂ ನೆನಪಿಡಬೇಕು. ನೇಣು ಕಂಡ ಸೀಮೆಯಲ್ಲಿ ಊರಿನ ಹೆಸರು, ಬಂಡೆದ್ದವರ ಹೆಸರು ಎಲ್ಲವನ್ನೂ ಹೇಳಿ, ಕೊನೆಗೆ ತನ್ನ ದೈವದ ಅಂಕಿತವನ್ನೂ ಇಟ್ಟು ಹಾಡಲಾಗಿದೆ.

ಹೊತ್ತಿನ ಅಭಾವಕ್ಕೂ ಇಲ್ಲಿಯೇ ಒಂದು ಉತ್ತರ ಹುಟ್ಟಿತ್ತು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ಶಾಸನವಿದೆ. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿ ಅದರಲ್ಲಿದೆ. ವೀರನೊಬ್ಬನ ಗುಣವನ್ನು ಕಲ್ಲಿನಲ್ಲಿ ಕೊರೆಯಲು ಬಳಸಿದ ಆ ಮೂರು ಸಾಲಿನ ಛಂದಸ್ಸು ಸಾವಿರ ವರ್ಷ ದಾಟಿ ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಲ್ಲಿ ಉಳಿಯಿತು. ಕೋಳಿ ಕೂಗುವ ಮೊದಲೆದ್ದು, ಹಿಟ್ಟು ಬೀಳುವವರೆಗಿನ ಹೊತ್ತು ಮಾತ್ರ ತಮ್ಮದಾಗಿದ್ದವರು ಅವರು. ಕೂಸು ಅತ್ತರೆ ಹಾಡು ನಿಲ್ಲಬೇಕು, ಮತ್ತೆ ಕುಳಿತಾಗ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮೂರು ಸಾಲು ಅದಕ್ಕೆ ಹೇಳಿ ಮಾಡಿಸಿದ ಅಳತೆ. ಹಾಡುವಾಗ ಎರಡನೆಯ ಸಾಲಿನ ತುದಿಯನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಜೋಡಿಸುತ್ತಾರೆ. ಆ ಮರುಕಳಿಕೆಯಲ್ಲಿ ಕೈಗೆ ಒಂದು ಸುತ್ತು ಸಿಗುತ್ತದೆ, ಮನಸ್ಸಿಗೆ ಮುಂದಿನ ಮಾತು ಕೂಡಿಸಿಕೊಳ್ಳಲು ಉಸಿರು ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಇದನ್ನು ಹೇಳಿದಾಗ ಒಬ್ಬ ತಂಗಿ ಕೇಳಿದಳು, 'ಹಾಗಾದರೆ ನಾನು ಬಸ್ಸಿನಲ್ಲಿ ಮೊಬೈಲ್‌ನಲ್ಲಿ ಬರೆಯುವ ನಾಲ್ಕು ಸಾಲೂ ಅದೇ ತಾನೇ, ಅಣ್ಣಾ?' ಅವಳು ದಿನಕ್ಕೆ ಮೂರು ಗಂಟೆ ಇಳಕಲ್ಲಿನ ದಾರಿಯಲ್ಲಿ ಕಳೆಯುವ ಅತಿಥಿ ಉಪನ್ಯಾಸಕಿ. ಅರ್ಧ ಹೌದು ಎಂದೆ. ಅಳತೆ ಸರಿಯಾಗಿದೆ. ತುಂಡಾದ ಹೊತ್ತಿಗೆ ತುಂಡಾಗದ ರೂಪ ಬೇಕು, ದೊಡ್ಡ ಕಾದಂಬರಿಗೆ ಒಳ್ಳೆಯ ಕಾಲ ಬರಲೆಂದು ಕಾಯುವುದಕ್ಕಿಂತ ಅದು ಮೇಲು. ಆದರೆ ಬೀಸುಕಲ್ಲಿನ ಹಾಡು ಹೊರಗೆ ಬರುವ ಮೊದಲು ನೂರು ಬೆಳಗು ತಿರುಗಿರುತ್ತಿತ್ತು. ಎದುರು ಕುಳಿತ ನಾದಿನಿ ಒಂದು ಪದ ತೆಗೆಯುತ್ತಿದ್ದಳು, ನೆರೆಮನೆಯವಳು ಒಂದು ಪದ ಸೇರಿಸುತ್ತಿದ್ದಳು. ನಾವು ಬಸ್ಸು ಇಳಿಯುವ ಮೊದಲೇ ಲೋಕಕ್ಕೆ ಕಳುಹಿಸಿಬಿಡುತ್ತೇವೆ. ಅವಳು ಈಗ ಒಂದು ನಿಯಮ ಮಾಡಿಕೊಂಡಿದ್ದಾಳೆ. ಬರೆದದ್ದನ್ನು ಮುಂದಿನ ಹುಣ್ಣಿಮೆಯವರೆಗೆ ಯಾರಿಗೂ ಕಳುಹಿಸುವುದಿಲ್ಲ, ದಿನಾ ಒಮ್ಮೆ ಓದಿ ಒಂದು ಪದ ಬದಲಿಸುತ್ತಾಳೆ. ಹೀಗೆ ಬಂದ ಅವಳ ಮೂರು ಕವಿತೆಗಳನ್ನು ನಾನು ಓದಿದ್ದೇನೆ. ಮೊದಲಿನವುಗಳಲ್ಲಿ 'ದಾರಿ' ಎಂದಿದ್ದದ್ದು ಈಗ ಕೆಂಪು ಗ್ರಾನೈಟ್ ದೂಳು ಕುಳಿತ ಜಾಲಿಮರಗಳ ಸಾಲಾಗಿದೆ.

ಎದುರಿಗೆ ಕುಳಿತ ಆ ಇನ್ನೊಬ್ಬರೂ ಬೇಕು. ಚಡಚಣದ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಕೂಡಿ ಕಟ್ಟಿದ ಗೆಳೆಯರ ಗುಂಪು ನೆನಪಾಗುವುದು ಇಲ್ಲಿ. ಬರಗಾಲದ ನಾಡು, ಸ್ವಾತಂತ್ರ್ಯ ಚಳವಳಿಯ ಬಿಸಿ, ದೊಡ್ಡ ಊರುಗಳಿಂದ ದೂರ. ಅವರು ಆಗ ಮಾಡಿದ ದೊಡ್ಡ ಕೆಲಸ ಕೇಳುವುದು. 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದವು. ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳು ಅಚ್ಚಿಗೆ ಬಂದದ್ದು ಹಾಗೆ. ಆ ಹಾಡು ಕಟ್ಟಿದವರ ಹೆಸರು ನಮಗೆ ಉಳಿಯಲಿಲ್ಲ ಎಂಬ ನೋವು ನನಗಿದೆ. ಆದರೂ ತಮ್ಮ ಮಾತು ಬತ್ತಿದಾಗ ಇತರರ ಮಾತಿಗೆ ಕಿವಿಯಾಗುವುದು ಬರಹಗಾರರಿಗೆ ಸೋಲಲ್ಲ, ಅಭ್ಯಾಸ. ನಮ್ಮ ಓದುಕೂಟದಲ್ಲಿ ಬರೆಯಲು ಏನೂ ಇಲ್ಲ ಎಂದು ಬಂದವರಿಗೆ ಒಂದೇ ಕೆಲಸ ಕೊಡುತ್ತೇವೆ. ಮನೆಯ ಹಿರಿಯರೊಬ್ಬರ ಬಳಿ ಕುಳಿತು, ಈಗ ಬಳಕೆಯಲ್ಲಿಲ್ಲದ ಹತ್ತು ವಸ್ತುಗಳ ಹೆಸರು ಬರೆದುಕೊಂಡು ಬರಬೇಕು.

ಹಲಸಂಗಿಯವರಿಗಿಂತ ತುಸು ಮೊದಲು ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ತಾಳೆಗರಿಗಳ ಕಟ್ಟು ಹುಡುಕಿ ಊರೂರು ಅಲೆಯುತ್ತಿದ್ದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದಿನ ಪುಸ್ತಕಗಳಿಗೆ ಬೇರೆಯವರ ಮುದ್ರಣಾಲಯ ನಂಬಿ ಕೂರಲಿಲ್ಲ. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅವರು ಉಳಿಸಿದ ವಚನಗಳೇ ಹೆಸರು ಹಿಡಿದು ಬರೆಯುವುದಕ್ಕೆ ದೊಡ್ಡ ಸಾಕ್ಷಿ. ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವರು, ಅಕ್ಕಿ ಆಯುವವರು ತಮ್ಮ ತಮ್ಮ ಕಾಯಕದ ಮಾತಿನಲ್ಲಿಯೇ ಆಡಿದ್ದರಿಂದ ಒಬ್ಬರ ವಚನ ಇನ್ನೊಬ್ಬರದಾಗುವುದಿಲ್ಲ. ಕಲ್ಯಾಣ ಕೆಟ್ಟ ಮೇಲೂ ಅವು ಗುರುತು ಕಳೆದುಕೊಳ್ಳದೆ ಉಳಿದದ್ದಕ್ಕೆ ಕಟ್ಟು ಹೊತ್ತು ಓಡಿದವರ ಹೆಗಲಿನಷ್ಟೇ ಈ ಮಾತಿನ ಬಿಗಿಯೂ ಕಾರಣ.

ಈಗ ನಮ್ಮೆದುರಿಗೆ ಇರುವ ಕಠಿಣ ಪ್ರಶ್ನೆ ಆಲಮಟ್ಟಿಯದು. ಜಲಾಶಯದ ನೀರಿನ ಮಟ್ಟ ಈಗ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಅಂದಿನಿಂದ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಹಳ್ಳಿಗಳು ಇವೆಯೋ ಇಲ್ಲವೋ ಎಂಬಂತೆ ಬದುಕುತ್ತಿವೆ. ಹೊಸ ಮನೆ ಕಟ್ಟಬೇಕೋ ಬೇಡವೋ, ಬಾವಿ ತೋಡಬೇಕೋ ಬೇಡವೋ? ಮಹಾರಾಷ್ಟ್ರದ ತಕರಾರು ಒಂದು ಕಡೆ, ಪರಿಹಾರದ ದರದ ಎಳೆದಾಟ ಇನ್ನೊಂದು ಕಡೆ. ನೀರಾವರಿ ಬೇಕೆಂದು ಇಂಡಿಯ, ಸಿಂದಗಿಯ ಒಣಭೂಮಿಯವರು ಕಾಯುತ್ತಿರುವುದೂ ಅಷ್ಟೇ ನಿಜ. ಆದ್ದರಿಂದ ಇದನ್ನು ಬರೀ ಮುಳುಗಡೆಯ ದುಃಖವೆಂದು ಬರೆದರೆ ಅರ್ಧ ಸತ್ಯವಾಗುತ್ತದೆ.

ಇಂಥ ಊರಿನ ಕತೆ ಬರೆಯಲು ಹೊರಟವರಿಗೆ ಮೊದಲ ವಾಕ್ಯದಲ್ಲಿಯೇ ಕನ್ನಡದ ಕ್ರಿಯಾಪದ ತಡೆಯೊಡ್ಡುತ್ತದೆ. ಊರಬಾಗಿಲಾದ ಅಗಸಿಯ ಪಕ್ಕದಲ್ಲಿ ಬೇವಿನ ಮರ 'ಇದೆ' ಎಂದು ಬರೆಯಬೇಕೋ 'ಇತ್ತು' ಎಂದೋ? ಪುಸ್ತಕ ಬರುವ ಹೊತ್ತಿಗೆ ಯಾವುದು ಸರಿ ಇರುತ್ತದೆ? ಕೃಷ್ಣೆಯ ದಂಡೆಯ ಗೆಳೆಯನೊಬ್ಬ ಈ ಒಂದು ಪದಕ್ಕಾಗಿ ತನ್ನ ಕಾದಂಬರಿಯ ಮೊದಲ ಅಧ್ಯಾಯವನ್ನು ನಾಲ್ಕು ಬಾರಿ ತಿದ್ದಿದ್ದಾನೆ. 'ಇತ್ತು' ಎಂದರೆ ಇನ್ನೂ ನಿಂತಿರುವ ಮರಕ್ಕೆ ಕೊಡಲಿ ಇಟ್ಟಂತೆ, 'ಇದೆ' ಎಂದರೆ ಓದುಗರಿಗೆ ಸುಳ್ಳು ಹೇಳಿದಂತೆ ಎಂದು ಅವನ ಕಷ್ಟ. ಕೊನೆಗೆ ಅವನು ಎರಡನ್ನೂ ಬಿಟ್ಟು, ಯಾರು ಯಾವ ದಿನ ಆ ಮರದ ಕೆಳಗೆ ಕುಳಿತು ಏನು ಮಾತನಾಡಿದರು ಎಂಬುದರಿಂದ ಆರಂಭಿಸಿದ. ಮರ ಇದ್ದರೂ ಹೋದರೂ ಆಡಿದ ಮಾತು ಆಡಿದ್ದೇ. ನಾನು ಇತ್ತೀಚೆಗೆ ಓದಿದ ಅತ್ಯಂತ ಒಳ್ಳೆಯ ಮೊದಲ ಪುಟ ಅದು.

ಹಳೆಯ ಬಾಗಲಕೋಟೆಯ ಒಂದು ಭಾಗ ಹೀಗೆಯೇ ನೀರಿಗೆ ಹೋದ ಮೇಲೆ ನವನಗರ ಎದ್ದಿತು. ಅಲ್ಲಿ ವಿಳಾಸ ಹೇಳುವುದು ಸೆಕ್ಟರ್ ನಂಬರಿನಲ್ಲಿ. ಅಗಲವಾದ ರಸ್ತೆಗಳು, ಗಿಡಮರ, ಆಸ್ಪತ್ರೆ, ಕಾಲೇಜು ಎಲ್ಲವೂ ಇವೆ, ಅವು ಬೇಕಾದವೇ. ಓಣಿಗೆ ಮಾತ್ರ ಹೆಸರಿಲ್ಲ. ಹೆಸರಿಲ್ಲದ ಕಡೆ ಕತೆ ಹೇಗೆ ಹುಟ್ಟುತ್ತದೆ ಎಂದು ನಾನು ಚಿಂತಿಸುತ್ತಿದ್ದೆ. ಆದರೆ ಅಲ್ಲಿ ಹುಟ್ಟಿದ ಮಕ್ಕಳು ತಮ್ಮದೇ ಹೆಸರು ಇಡುತ್ತಿದ್ದಾರೆ. ಯಾವುದೋ ಗಿರಣಿಯ ತಿರುವು, ಯಾವುದೋ ಟ್ಯಾಂಕಿನ ಕೆಳಗು, ಯಾರದೋ ಚಹಾದಂಗಡಿಯ ಸಾಲು. ಇವು ನಕ್ಷೆಯಲ್ಲಿ ಇಲ್ಲ. ಅವರು ಬರೆಯಲು ತೊಡಗಿದಾಗ ಈ ಹೆಸರುಗಳನ್ನು ನಾಚಿಕೆಯಿಂದ ಬಿಟ್ಟು 'ನಗರ' ಎಂದು ಬರೆಯದಿರಲಿ ಎಂಬುದು ನನ್ನ ಹಂಬಲ.

ನನ್ನ ಆ ಹಳೆಯ ಕವಿತೆಯನ್ನು ಪಕ್ಕಕ್ಕಿಟ್ಟು, ಹೋದ ಭಾನುವಾರ ಊರಿಗೆ ಹೋಗಿ ಅವ್ವನ ಬಳಿ ಕುಳಿತೆ. ಆ ವರ್ಷ ಮನೆಯಿಂದ ಏನೇನು ಹೋಯಿತು, ಒಂದೊಂದಾಗಿ ಹೇಳು ಎಂದೆ. 'ಈಗ ಯಾಕೆ? ಪಂಚನಾಮೆಯವರು ಮತ್ತೆ ಬರುತ್ತಾರೇನು?' ಎಂದು ಕೇಳಿದಳು. ನನಗೆ ಬೇಕು ಎಂದೆ. ಜೋಳ ಎಂಟು ಚೀಲ ಎಂದಳು. ಸಜ್ಜೆ ಒಂದು ಗಡಿಗೆ. ಬಿತ್ತಲು ತೆಗೆದಿಟ್ಟ ಗೋವಿನಜೋಳ. ಎರಡು ಕೌದಿ, ಅದರಲ್ಲಿ ಒಂದು ಅವಳ ಅವ್ವ ಹೊಲಿದದ್ದು. ಗುಳೇದಗುಡ್ಡದ ಖಣ ಎರಡು, ಹೊಲಿಸದೇ ಇದ್ದವು. ಉಪ್ಪಿನಕಾಯಿ ಭರಣಿ. ಅಪ್ಪನ ಕನ್ನಡಕ. ಹೀಗೆ ಹೇಳುತ್ತ ಹೋದಳು, ನಾನು ಬರೆದುಕೊಳ್ಳುತ್ತ ಹೋದೆ. ಬೀಸುಕಲ್ಲು ಏನಾಯಿತು ಎಂದು ಕೇಳಿದೆ. ಕಲ್ಲು ಎಲ್ಲಿಗೆ ಹೋಗುತ್ತದೆ, ಅಲ್ಲೇ ಇತ್ತು ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದರ ಗೂಟ ಮಾತ್ರ ತೇಲಿಹೋಯಿತು, ಜಾಲಿಯ ಗೂಟ, ಅದನ್ನೂ ಬರೆದುಕೋ ಎಂದಳು.